ಒಬ್ಬರ ಹೆಸರಿನ ಆಲ್ಬಂ, ಹಲವರ ಕೊರಳು

ರಾಕ್ ತಂಡವೊಂದರ ಸದಸ್ಯ ತನ್ನದೇ ಹೆಸರಿನಲ್ಲಿ ಆಲ್ಬಂ ಹೊರತಂದಾಗ ಅಭಿಮಾನಿಗಳು ಮೊದಲು ಹುಡುಕುವುದು ಜಗಳದ ವಾಸನೆಯನ್ನು. 1970ರಲ್ಲಿ ಬೀಟಲ್ಸ್ ತಂಡ ಒಡೆದಾಗ ಅದರ ನಾಲ್ವರೂ ಅದೇ ವರ್ಷ ಒಂಟಿ ಆಲ್ಬಂಗಳನ್ನು ತಂದರು. ತಂಡದಲ್ಲಿ ಜಾಗ ಸಿಗದೆ ಉಳಿದಿದ್ದ ಹಾಡುಗಳಿಂದ ಜಾರ್ಜ್ ಹ್ಯಾರಿಸನ್ ಮೂರು ಧ್ವನಿಮುದ್ರಿಕೆಗಳ ದೊಡ್ಡ ಸಂಪುಟವನ್ನೇ ಕಟ್ಟಿದರು. ಒಂಟಿಯಾಗಿ ಹಾಡುವುದು ದ್ರೋಹವಲ್ಲ, ಬೆಳವಣಿಗೆಯ ಒಂದು ಹಂತ ಎಂಬುದಕ್ಕೆ ಇಷ್ಟು ಸಾಕ್ಷಿ ಸಾಕು. ನನ್ನನ್ನು ಕಾಡುವ ಪ್ರಶ್ನೆ ಬೇರೆ. ಆಲ್ಬಮ್ಮಿನ ಮೇಲೆ ಒಬ್ಬರ ಹೆಸರು ಅಚ್ಚಾದಾಗ, ಆ ಹಾಡುಗಳ ಹಿಂದಿರುವ ಉಳಿದವರು ಎಲ್ಲಿಗೆ ಹೋಗುತ್ತಾರೆ?

ಕನ್ನಡದಲ್ಲಿ ಇದಕ್ಕೆ ಹತ್ತಿರದ ಉದಾಹರಣೆ ಮೈಸೂರಿನ ರಘು ದೀಕ್ಷಿತ್ ಅವರದು. ‘ಅಂತರಾಗ್ನಿ’ ಎಂಬ ತಂಡದಿಂದ ಬೆಳೆದ ಅವರು, ಅದು ಚದುರಿದ ಬಳಿಕ 2008ರಲ್ಲಿ ಮೊದಲ ಆಲ್ಬಂ ತಂದರು. ಹಿಂದಿ, ಇಂಗ್ಲಿಷ್ ಹಾಡುಗಳ ನಡುವೆ ಶಿಶುನಾಳ ಷರೀಫರ ಎರಡು ತತ್ವಪದಗಳೂ ಅದರಲ್ಲಿದ್ದವು. ಅವರು ತಮ್ಮನ್ನು ‘ರಘು ದೀಕ್ಷಿತ್ ಪ್ರಾಜೆಕ್ಟ್’ ಎಂದು ಕರೆದುಕೊಂಡರು. ಅವರ ಸಹೋದರ, ‘ಸ್ವರಾತ್ಮ’ ತಂಡದ ಗಾಯಕ ವಾಸು ದೀಕ್ಷಿತ್ ಪ್ರತ್ಯೇಕವಾಗಿ ಹಾಡಲು ಹೊರಟಾಗ ಇಟ್ಟುಕೊಂಡ ಹೆಸರು ‘ವಾಸು ದೀಕ್ಷಿತ್ ಕಲೆಕ್ಟಿವ್’. ಒಂಟಿ ಹೆಸರಿನ ಬೆನ್ನಿಗೇ ಒಂದು ಗುಂಪಿನ ಹೆಸರು. ನಮ್ಮ ನೆಲದ ಗಾಯಕನಿಗೆ ಪೂರ್ತಿ ಒಂಟಿಯಾಗುವುದು ಒಗ್ಗುವುದಿಲ್ಲವೇನೋ.

ಅದೇ 2008ರಲ್ಲಿ ‘ಸೈಕೋ’ ಚಿತ್ರಕ್ಕೆ ರಘು ದೀಕ್ಷಿತ್ ಸಂಯೋಜಿಸಿದ ಮಹದೇಶ್ವರನ ಹಾಡು ಮನೆಮಾತಾಯಿತು. ಬೆಂಗಳೂರಿನ ಕಾಲೇಜುಗಳ ಉತ್ಸವಗಳಲ್ಲಿ ಗಿಟಾರ್ ಹಿಡಿದ ಹುಡುಗರು ಏಳುಮಲೆಯ ಒಡೆಯನ ಹೆಸರನ್ನು ಕೂಗಿ ಹಾಡತೊಡಗಿದರು. ನಗರದ ರಾಕ್ ಸಂಗೀತ ಚಾಮರಾಜನಗರದ ಬಾಗಿಲು ತಟ್ಟಿದ್ದು ಹೀಗೆ.

ಚಾಮರಾಜನಗರ, ಗುಂಡ್ಲುಪೇಟೆಯ ಸೀಮೆಗೆ ಹೋದಾಗಲೆಲ್ಲ ನನಗೆ ಅನ್ನಿಸುವುದಿದು: ಇಲ್ಲಿ ಹಾಡುವುದೆಂದರೆ ಗುಂಪಿನ ಕೆಲಸ. ಮಹದೇಶ್ವರನ ಕಥೆ ಹೇಳುವ ದೇವರಗುಡ್ಡರ ಕೈಯಲ್ಲಿ ಕಂಚಿನ ಕಂಸಾಳೆ. ಮಂಟೇಸ್ವಾಮಿಯ ಕಾವ್ಯ ಹಾಡುವ ನೀಲಗಾರರ ಕೈಯಲ್ಲಿ ತಂಬೂರಿ. ಮುಖ್ಯ ಗಾಯಕ ಕಥೆಯನ್ನು ಎತ್ತಿಕೊಂಡರೆ ಹಿಮ್ಮೇಳದವರು ಸೊಲ್ಲು ಹಿಡಿಯುತ್ತಾರೆ. ಸಂಕಮ್ಮನ ಸಾಲು, ಸರಗೂರಯ್ಯನ ಸಾಲು, ಜುಂಜೇಗೌಡನ ಸಾಲು ಎಂದು ಹಬ್ಬಿಕೊಳ್ಳುವ ಈ ಕಾವ್ಯವನ್ನು ರಾತ್ರಿಯಿಡೀ ಒಬ್ಬನೇ ಹಾಡಲಾರ. ಉಸಿರು ನಿಂತ ಕಡೆ ಇನ್ನೊಬ್ಬನ ಉಸಿರು ಬೇಕು. ಮುಖ್ಯ ಗಾಯಕನ ಕೀರ್ತಿಯೆಂದರೆ ಆ ಕೂಡು ಉಸಿರಿನ ಕೀರ್ತಿಯೇ.

ಈ ಕಣಜದಿಂದ ನಗರ ಧಾರಾಳವಾಗಿ ಮೊಗೆದುಕೊಂಡಿದೆ. 1996ರ ‘ಜನುಮದ ಜೋಡಿ’ ಚಿತ್ರದ ಕೋಲುಮಂಡೆ ಹಾಡಿಗೆ ಎಲ್.ಎನ್. ಶಾಸ್ತ್ರಿ ಅವರು ರಾಜ್ಯ ಪ್ರಶಸ್ತಿ ಪಡೆದರು. ಸೋಜುಗದ ಸೂಜುಮಲ್ಲಿಗೆಯನ್ನು ಅನನ್ಯಾ ಭಟ್ ಅವರ ಕಂಠ ದೇಶದಾಚೆಗೂ ಒಯ್ದಿತು. 2021ರ ‘ಗರುಡ ಗಮನ ವೃಷಭ ವಾಹನ’ದಲ್ಲಿ ಅದು ಮತ್ತೊಂದು ಬಗೆಯಲ್ಲಿ ಕೇಳಿಸಿತು. ಇವೆಲ್ಲ ಒಳ್ಳೆಯ ಕೆಲಸಗಳೇ. ಆದರೆ ‘ಸಾಹಿತ್ಯ: ಜನಪದ’ ಎಂಬ ಎರಡು ಪದಗಳಲ್ಲಿ ಒಂದು ಸೀಮೆಯ ನೂರಾರು ವರ್ಷಗಳ ಕೊರಳು ಮುಗಿದುಹೋಗುವುದು ನನಗೆ ಸರಿಕಾಣುವುದಿಲ್ಲ.

ಕಾನೂನಿನ ಕಣ್ಣಿಗೆ ಇದರಲ್ಲಿ ತಪ್ಪಿಲ್ಲ. 1957ರ ಕೃತಿಸ್ವಾಮ್ಯ ಕಾಯ್ದೆ ಗುರುತಿಸುವುದು ಕರ್ತೃವನ್ನು. ಕರ್ತೃವಿಲ್ಲದ ಹಾಡಿಗೆ ಒಡೆಯನೂ ಇಲ್ಲ. 1994ರ ತಿದ್ದುಪಡಿ ಹಾಡುವವರಿಗೂ ಪ್ರದರ್ಶಕರ ಹಕ್ಕು ನೀಡಿತು, 2012ರ ತಿದ್ದುಪಡಿ ಅವರನ್ನು ರಾಯಧನದ ಪಾಲಿಗೂ ಅರ್ಹರನ್ನಾಗಿಸಿತು. ಆದರೆ ಈ ಹಕ್ಕು ಧ್ವನಿಮುದ್ರಣದಲ್ಲಿ ಹಾಡಿದವರಿಗೆ ಮಾತ್ರ. ಹಾಡನ್ನು ಕಲಿಸಿದ ನೀಲಗಾರನಿಗೆ, ಸೊಲ್ಲು ಹಿಡಿದು ಅದನ್ನು ಉಳಿಸಿದ ಹಿಮ್ಮೇಳದವನಿಗೆ ಅಲ್ಲ. ಹಳೆಯ ಹಾಡಿಗೆ ಹೊಸ ವಾದ್ಯಸಂಯೋಜನೆ ಮಾಡಿದವರು ಅದರ ಒಡೆಯರಾಗಬಹುದು. ಹಾಡನ್ನು ಅಷ್ಟು ಕಾಲ ಕಾಪಾಡಿದವರು ಆಗಲಾರರು.

ಕಾನೂನು ಒಡೆಯನಿಲ್ಲ ಎಂದ ಮಾತ್ರಕ್ಕೆ ಜನ ಹಾಗೆಂದುಕೊಂಡಿಲ್ಲ. 2020ರಲ್ಲಿ ರ‍್ಯಾಪ್ ಗಾಯಕ ಚಂದನ್ ಶೆಟ್ಟಿ ಕೋಲುಮಂಡೆ ಹಾಡನ್ನು ತಮ್ಮದೇ ರೀತಿಯಲ್ಲಿ ಹೊರತಂದಾಗ, ಸಂಕಮ್ಮನ ಚಿತ್ರಣಕ್ಕೆ ಮಹದೇಶ್ವರನ ಭಕ್ತರಿಂದ ತೀವ್ರ ಆಕ್ಷೇಪ ಬಂತು. ಅವರು ಕ್ಷಮೆ ಕೇಳಬೇಕಾಯಿತು. ಆ ಸಿಟ್ಟಿನ ಎಲ್ಲ ಮಾತುಗಳನ್ನೂ ನಾನು ಒಪ್ಪಲಾರೆ. ಭಾವನೆ ನೊಂದಿತೆಂಬ ಕೂಗು ಕಲೆಯ ಕತ್ತು ಹಿಸುಕುವುದೂ ಉಂಟು. ಆದರೆ ಅದರ ತಳದಲ್ಲಿ ಒಂದು ನ್ಯಾಯವಾದ ಮಾತಿತ್ತು: ಇದು ನಮ್ಮದು, ನಮ್ಮನ್ನು ಒಂದು ಮಾತು ಕೇಳಬೇಡವೇ?

ಹಾಗಾದರೆ ಜನಪದ ಹಾಡಿಗೆ ಬೇಲಿ ಹಾಕಬೇಕೇ ಎಂದು ಕೇಳುವವರಿದ್ದಾರೆ. ಅವರ ಆತಂಕ ಸರಿಯಾದದ್ದೇ. ಊರಿಂದ ಊರಿಗೆ ನಡೆದದ್ದರಿಂದಲೇ ಈ ಹಾಡುಗಳು ಬದುಕಿವೆ. ಸಿ. ಅಶ್ವತ್ಥ್ ಹಾಡದೇ ಹೋಗಿದ್ದರೆ ಷರೀಫರು ಇಷ್ಟು ಮನೆಗಳನ್ನು ಮುಟ್ಟುತ್ತಿರಲಿಲ್ಲ. ಅಪ್ಪಣೆ ಚೀಟಿ ಹಿಡಿದೇ ಹಾಡಬೇಕೆಂದು ನಾನು ಹೇಳುತ್ತಿಲ್ಲ. ಕೇಳುತ್ತಿರುವುದು ಎರಡೇ: ಹೆಸರು ಮತ್ತು ಪಾಲು.

ಹೆಸರು ಹೇಳುವುದು ಕಷ್ಟವೇನಲ್ಲ ಎಂಬುದಕ್ಕೆ ನಮ್ಮಲ್ಲೇ ಮಾದರಿಯಿದೆ. ಕೆ. ಕೇಶವನ್ ಪ್ರಸಾದ್ ಸಂಗ್ರಹಿಸಿದ ಮಾದೇಶ್ವರ ಕಾವ್ಯ ವಿದ್ವಾಂಸನ ಹೆಸರಿನಲ್ಲಷ್ಟೇ ನಿಲ್ಲಲಿಲ್ಲ. 2001ರಲ್ಲಿ ಸಾಹಿತ್ಯ ಅಕಾಡೆಮಿ ಪ್ರಕಟಿಸಿದ ಅದರ ಇಂಗ್ಲಿಷ್ ಅನುವಾದವೂ ಅದನ್ನು ಹಾಡಿದ ಹೆಬ್ಬಣಿ ಮಾದಯ್ಯ ಮತ್ತು ಅವರ ತಂಡವನ್ನು ನೆನೆಯುತ್ತದೆ. ಪುಸ್ತಕಕ್ಕೆ ಸಾಧ್ಯವಾದದ್ದು ಆಲ್ಬಮ್ಮಿಗೆ ಏಕೆ ಸಾಧ್ಯವಿಲ್ಲ? ಯಾವ ಊರಿನ ಯಾವ ತಂಡದಿಂದ ಈ ಹಾಡು ಬಂತು ಎಂಬ ಒಂದು ಸಾಲಿಗೆ ಅಂತರಜಾಲದ ಸಂಗೀತ ತಾಣಗಳಲ್ಲಿ ಜಾಗದ ಕೊರತೆಯಿಲ್ಲ. ಗಳಿಕೆಯ ಸಣ್ಣದೊಂದು ಪಾಲು ಆ ತಂಡಕ್ಕೆ ಸಂದರೆ ಯಾವ ಗಾಯಕನೂ ಬಡವಾಗುವುದಿಲ್ಲ. ತಂಡವೇ ಗೊತ್ತಾಗದಿದ್ದರೆ, ಆ ಪಾಲನ್ನು ಎಳೆಯರಿಗೆ ಕಂಸಾಳೆ, ತಂಬೂರಿ ಕಲಿಸಲು ಬಳಸುವ ವ್ಯವಸ್ಥೆಯನ್ನು ಕರ್ನಾಟಕ ಜಾನಪದ ಅಕಾಡೆಮಿ ರೂಪಿಸಬಹುದು.

ಒಂಟಿ ಆಲ್ಬಂಗಳು ಇನ್ನೂ ಬರಲಿ. ತಂಡದ ಗದ್ದಲದಲ್ಲಿ ಅಡಗಿದ್ದ ದನಿಗಳು ಹೊರಬರಲಿ. ಆದರೆ ತಂಡ ಬಿಟ್ಟು ಬಂದು ಗುಂಡ್ಲುಪೇಟೆಯ ಸೀಮೆಯ ಹಾಡನ್ನು ಎತ್ತಿಕೊಳ್ಳುವ ಗಾಯಕ, ಒಂದು ಹಿಮ್ಮೇಳವನ್ನು ತೊರೆದು ಅದಕ್ಕಿಂತ ದೊಡ್ಡ ಹಿಮ್ಮೇಳದ ಮುಂದೆ ನಿಂತಿರುತ್ತಾನೆ. ಅದು ಅವನಿಗೆ ತಿಳಿದಿದ್ದರಷ್ಟೇ ಸಾಲದು. ಕೇಳುವ ನಮಗೂ ಆಲ್ಬಮ್ಮಿನ ಮೇಲೆ ಓದಲು ಸಿಗಬೇಕು.