ಐದರಲ್ಲಿ ನಾಲ್ಕು ಆಯ್ತಂತೆ!

ದಕ್ಷಿಣ ಆಫ್ರಿಕಾದ ಕ್ರೂಗರ್ ನೋಡಿಕೊಂಡು ಬಂದವರನ್ನು "ಹೇಗಿತ್ತು?" ಅಂತ ಕೇಳಿ ನೋಡಿ. ಕಾಡಿನ ಸುದ್ದಿ ಬರೋಲ್ಲ, ಸ್ಕೋರ್ ಬರುತ್ತೆ. "ಐದರಲ್ಲಿ ನಾಲ್ಕು ಆಯ್ತು ಗುರೂ, ಚಿರತೆ ಒಂದು ಮಿಸ್ಸು!" ಹತ್ತೊಂಬತ್ತು ಸಾವಿರ ಚದರ ಕಿಲೋಮೀಟರಿಗೂ ದೊಡ್ಡದಾದ ಕಾಡು, ಎಸ್ಸೆಸ್ಸೆಲ್ಸಿ ಮಾರ್ಕ್ಸ್ ಕಾರ್ಡ್ ಆಗಿಬಿಟ್ಟಿರುತ್ತೆ.

ಸಿಂಹ, ಚಿರತೆ, ಆನೆ, ಘೇಂಡಾಮೃಗ, ಕಾಡೆಮ್ಮೆ: ಈ 'ಬಿಗ್ ಫೈವ್' ಪಟ್ಟಿ ಮಾಡಿದ್ದು ಪ್ರಾಣಿಶಾಸ್ತ್ರಜ್ಞರಲ್ಲ, ಬಂದೂಕು ಹಿಡಿದು ಬಂದ ಬೇಟೆಗಾರರು. ನಡೆದುಕೊಂಡು ಹೋಗಿ ಹೊಡೆಯೋಕೆ ಯಾವುದು ಅತಿ ಕಷ್ಟವೋ, ಯಾವುದು ತಿರುಗಿಬಿದ್ದು ಕೊಲ್ಲುತ್ತೋ ಅದಕ್ಕೆ ಪಟ್ಟಿಯಲ್ಲಿ ಜಾಗ. ಅದಕ್ಕೇ ಅಷ್ಟೆತ್ತರದ ಜಿರಾಫೆ ಅದರಲ್ಲಿಲ್ಲ. ಈಗ ಅದೇ ಐದು ಅಲ್ಲಿನ ರ‍್ಯಾಂಡ್ ನೋಟುಗಳ ಮೇಲಿವೆ, ಟೀ ಶರ್ಟುಗಳ ಮೇಲಿವೆ, ನಮ್ಮ ತಲೆಯೊಳಗೂ ಇವೆ. ಬಂದೂಕಿನ ಜಾಗಕ್ಕೆ ಲೆನ್ಸ್ ಬಂತು, ಪಟ್ಟಿ ಮಾತ್ರ ಹಳೇದೇ.

ಇದರ ಫಲ ನೋಡಬೇಕಾದರೆ ಲೋವರ್ ಸಾಬಿಯಿಂದ ಸ್ಕುಕುಜಾ ಕಡೆಗೆ ನದಿಯ ಪಕ್ಕ ಹೋಗುವ ರಸ್ತೆಗೆ ಬನ್ನಿ. ಡಾಂಬರು ರಸ್ತೆಯಲ್ಲಿ ವೇಗದ ಮಿತಿ ಗಂಟೆಗೆ 50 ಕಿ.ಮೀ. ಎಲ್ಲೋ ಸಿಂಹ ಕಂಡಿದೆ ಅಂತ ಸುದ್ದಿ ಬಂದರೆ ಮಿತಿಯೂ ಇಲ್ಲ, ಮರ್ಯಾದೆಯೂ ಇಲ್ಲ. ಸಿಲ್ಕ್ ಬೋರ್ಡ್ ಜಂಕ್ಷನ್ ಬಿಟ್ಟು ಇಷ್ಟು ದೂರ ಬಂದದ್ದು ಇನ್ನೊಂದು ಜಾಮ್‌ನಲ್ಲಿ ನಿಲ್ಲೋಕಾ? ಕಬಿನಿಯಲ್ಲಿ ಹುಲಿ ಅಂದ ತಕ್ಷಣ ಜೀಪುಗಳು ಓಡೋದು ಕಂಡವರಿಗೆ ಇದನ್ನು ವಿವರಿಸಬೇಕಾಗಿಲ್ಲ ಬಿಡಿ.

ಈ ಓಟದಲ್ಲಿ ಆನೆ ಲದ್ದಿಯ ಉಂಡೆ ಉರುಳಿಸುತ್ತಾ ರಸ್ತೆ ದಾಟುವ ಹುಳು ಟೈರಿನಡಿ ಸಿಗುತ್ತೆ. ಈ ಜಾತಿಯ ಒಂದು ಹುಳು ರಾತ್ರಿ ಹೊತ್ತು ಆಕಾಶಗಂಗೆಯ ಬೆಳಕು ನೋಡಿ ನೇರ ದಾರಿ ಹಿಡಿಯುತ್ತೆ ಅಂತ 2013ರಲ್ಲಿ ಗೊತ್ತಾಯ್ತು. ಪರೀಕ್ಷೆ ನಡೆದದ್ದು ಜೋಹಾನ್ಸ್‌ಬರ್ಗಿನ ತಾರಾಲಯದಲ್ಲಿ! ಇಂಥದ್ದಕ್ಕೆ ಪಟ್ಟಿಯಲ್ಲಿ ಎಷ್ಟು ಮಾರ್ಕ್ಸು?

ಮನುಷ್ಯರ ಕಥೆಗಂತೂ ಸೊನ್ನೆ. ಎಲ್ಲರೂ ಸೆಲ್ಫಿ ತೆಗೆಸಿಕೊಳ್ಳುವ ಆ 'ಸ್ಕುಕುಜಾ' ಅನ್ನೋ ಹೆಸರು, ಅಲ್ಲಿನ ಮೊದಲ ವಾರ್ಡನ್ ಸ್ಟೀವನ್ಸನ್ ಹ್ಯಾಮಿಲ್ಟನ್‌ಗೆ ತ್ಸೊಂಗಾ ಜನ ಇಟ್ಟ ಅಡ್ಡಹೆಸರು. ಗುಡಿಸಿ ಹಾಕುವವ ಅಂತ ಅದರ ಅರ್ಥ ಹೇಳ್ತಾರೆ. ಆತ ಗುಡಿಸಿದ್ದು ಕಸವನ್ನಲ್ಲ, ಅಲ್ಲಿ ಬಾಳುತ್ತಿದ್ದವರನ್ನ. 1969ರಲ್ಲಿ ಉತ್ತರದ ಪಫುರಿಯಿಂದ ಮಕುಲೆಕೆ ಜನರನ್ನೂ ಬಲವಂತವಾಗಿ ಎಬ್ಬಿಸಿದರು, ಅವರ ಗುಡಿಸಲುಗಳನ್ನು ಅವರ ಕೈಯಿಂದಲೇ ಸುಡಿಸಿದರು. 1998ರಲ್ಲಿ ನೆಲ ವಾಪಸ್ ಸಿಕ್ಕಿತು. ಅವರು ಮತ್ತೆ ಅಲ್ಲಿ ಮನೆ ಕಟ್ಟಲಿಲ್ಲ. ಕಾಡು ಕಾಡಾಗಿಯೇ ಇರಲಿ, ಪ್ರವಾಸೋದ್ಯಮದ ದುಡ್ಡು ನಮ್ಮ ಜನಕ್ಕೆ ಬರಲಿ ಅಂತ ತೀರ್ಮಾನಿಸಿದರು. ಜನ ಬಂದರೆ ಕಾಡು ಹಾಳು ಅಂತ ವಾದಿಸೋರು ಈ ಒಂದು ಉದಾಹರಣೆಗೆ ಉತ್ತರ ಕೊಡಲಿ.

"ಲಕ್ಷಗಟ್ಟಲೆ ಖರ್ಚು ಮಾಡಿ ಹೋಗಿದೀವಿ, ಇರೋದು ಒಂದೇ ದಿನ, ಸಿಂಹ ನೋಡೋ ಆಸೆ ತಪ್ಪಾ?" ಆಸೆ ಖಂಡಿತ ತಪ್ಪಲ್ಲ ಸ್ವಾಮಿ, ಸಿಂಹ ಸಿಂಹವೇ. ಆದರೆ ಇರೋ ಒಂದೇ ದಿನವನ್ನ ಸತ್ತ ಬೇಟೆಗಾರರ ಪಟ್ಟಿಗೆ ಯಾಕೆ ಬರೆದುಕೊಡ್ತೀರಿ? ಲೋವರ್ ಸಾಬಿ ಪಕ್ಕದಲ್ಲೇ ಸನ್‌ಸೆಟ್ ಡ್ಯಾಮ್ ಅಂತ ಒಂದು ಕೆರೆಯಿದೆ. ಎಂಜಿನ್ ಆಫ್ ಮಾಡಿ ಎರಡು ಗಂಟೆ ಕೂತ್ಕೊಳ್ಳಿ. ನೀರಾನೆ, ಮೊಸಳೆ, ಕೊಕ್ಕರೆ, ನೀರಿಗೆ ಬರುವ ಇಂಪಾಲ, ಎಲ್ಲವೂ ಅಲ್ಲೇ. ಡ್ರೈವರ್ "ಸಾರ್, ಲೆಪರ್ಡ್ ಅಂತೆ" ಅಂದರೆ, ಬೇಡಪ್ಪ ಅನ್ನಿ.