ಹಳೇ ಪಿಕಪ್ಪಿಗೆ ಹೊಸ ಚಕ್ರ: ಬೋಲ್ಟು ಕೂತರೆ ಸಾಕೇ?

ಗಾಡಿ ಹಳೇದು, ಕಾಲು ಮಾತ್ರ ಹೊಸದು. ಕೋಲಾರದ ಎ.ಪಿ.ಎಂ.ಸಿ. ಯಾರ್ಡಿಗೆ ಟೊಮ್ಯಾಟೊ ಹೊತ್ತು ಬರುವ ಪಿಕಪ್ಪುಗಳನ್ನು ಕಂಡವರಿಗೆ ಈ ಮಾತು ಬಿಡಿಸಿ ಹೇಳಬೇಕಾಗಿಲ್ಲ. ಬಾಡಿಗೆ ತುಕ್ಕು ಹಿಡಿದಿದೆ, ಬಾಗಿಲಿಗೆ ತಂತಿ ಸುತ್ತಿದೆ, ಬಗ್ಗಿ ನೋಡಿದರೆ ಫಳಫಳ ಹೊಳೆಯುವ ಅಲಾಯ್ ಚಕ್ರ! ಬೆಂಗಳೂರಿನ ಶಿವಾಜಿನಗರದ ಗುಜರಿಯಿಂದಲೋ ಜೆ.ಸಿ. ರಸ್ತೆಯಿಂದಲೋ ತಂದದ್ದು. ಯಾವುದೋ ಹೊಸ ಮಾಡೆಲ್ ಗಾಡಿಯಿಂದ ಬಿಚ್ಚಿದ ‘ಕಂಪೆನಿ ಡಿಸ್ಕು’. ಕಂಪೆನಿ ಮಾಲು ಅಂದಮೇಲೆ ಇನ್ನೇನು ಭಯ ಅನ್ನೋದು ಮಾಲೀಕರ ಧೈರ್ಯ.

ಬರೀ ಶೋಕಿ ಅಂತ ನಗಬೇಡಿ. ಇದರ ಹಿಂದೆ ಹೊಟ್ಟೆಪಾಡಿನ ಲೆಕ್ಕವಿದೆ. ಹಳೇ ಡಿಸ್ಕಿಗೆ ಟ್ಯೂಬಿನ ಟೈರು. ಮೊಳೆ ಚುಚ್ಚಿತೋ, ಗಾಳಿ ಬುಸ್ಸೆಂದು ಹೋಯಿತು. ಲೋಡು ತುಂಬಿದ ಗಾಡಿಗೆ ಜಾಕಿ ಕೊಟ್ಟು ಚಕ್ರ ಬಿಚ್ಚುವ ಹೊತ್ತಿಗೆ ಅತ್ತ ಹರಾಜು ಮುಗಿದಿರುತ್ತೆ. ಹರಾಜು ಮುಗಿದ ಮೇಲೆ ಬಂದ ಹಣ್ಣಿಗೆ ಏನು ಬೆಲೆ ಅಂತ ರೈತನನ್ನೇ ಕೇಳಿ. ಟ್ಯೂಬ್‌ಲೆಸ್ ಆದರೆ ಮೊಳೆ ಸಮೇತ ಮಂಡಿ ಸೇರಬಹುದು. ಆದರೆ ಆ ಟೈರು ಗಾಳಿ ಬಿಡದಂತೆ ಕೂರಲು ಅದಕ್ಕೆಂದೇ ಅಂಚು ಮಾಡಿದ ಡಿಸ್ಕು ಬೇಕು. ಹಾಗಾಗಿ ಗುಜರಿಗೆ ಓಟ. ಇಷ್ಟರ ಮಟ್ಟಿಗೆ ಮಾಲೀಕರದು ತಪ್ಪೇನಿಲ್ಲ. ಕೊಳ್ಳುವಾಗ ನೋಡೋದು ಮಾತ್ರ ಒಂದೇ ಒಂದು: ಬೋಲ್ಟಿನ ತೂತು ಹೊಂದುತ್ತೋ ಇಲ್ಲವೋ. ಎಡವಟ್ಟು ಶುರುವಾಗೋದು ಅಲ್ಲಿಂದ.

ತೂತು ಹೊಂದೋದು ದೊಡ್ಡ ವಿಷಯವೇ ಅಲ್ಲ ಸ್ವಾಮಿ. ಎರಡನೇ ಮಹಾಯುದ್ಧದ ವಿಲ್ಲೀಸ್ ಜೀಪಿನ ಚಕ್ರಕ್ಕೆ 5 ಬೋಲ್ಟು. ಅವು ಕೂತಿರುವ ವೃತ್ತದ ಅಡ್ಡಳತೆ ಐದೂವರೆ ಇಂಚು, ಅಂದರೆ 139.7 ಮಿ.ಮೀ. ಜೀಪು ನಮ್ಮ ದೇಶಕ್ಕೆ ಬಂದಾಗ ಅದರ ಅಳತೆಯೂ ಜೊತೆಗೇ ಬಂತು. 1985ರ ಜಿಪ್ಸಿಗೂ ಅದೇ ಅಳತೆ, 2023ರಲ್ಲಿ ಮಾರಾಟಕ್ಕೆ ಬಂದ ಜಿಮ್ನಿಗೂ ಅದೇ. ಜೀಪಿನ ವಂಶದ 5 ಬೋಲ್ಟಿನ ಪಿಕಪ್ಪಿಗೆ ಜಿಮ್ನಿಯ ಚಕ್ರ ಏರಿಸಲು ಹೋದರೆ ಬೋಲ್ಟೇನೂ ಬೇಡ ಅನ್ನೋದಿಲ್ಲ.

ಬೇಡ ಅನ್ನಬೇಕಾದ್ದು ತೂಕ. ಜಿಮ್ನಿ ಜನ, ಸಾಮಾನು ಎಲ್ಲ ತುಂಬಿಕೊಂಡರೂ ಒಟ್ಟು 1545 ಕೆ.ಜಿ. ಮೀರುವಂತಿಲ್ಲ. ಅದರ ಟೈರಿನ ಮೇಲೆ 195/80 ಆರ್ 15 ಎಂಬ ಅಳತೆಯ ಪಕ್ಕದಲ್ಲೇ 96 ಅಂತ ಒಂದು ಅಂಕಿ ಇರುತ್ತೆ. ಆ 96ರ ಅರ್ಥ, ಒಂದು ಟೈರು ಹೊರಬಹುದಾದದ್ದು 710 ಕೆ.ಜಿ. ಈಗ ನಮ್ಮ ಗಾಡಿಗೆ ಬನ್ನಿ. 15 ಕೆ.ಜಿ. ಟೊಮ್ಯಾಟೊ ಬಾಕ್ಸು ನೂರು ಏರಿಸಿದರೆ 1500 ಕೆ.ಜಿ. ಗಾಡಿಯ ಸ್ವಂತ ತೂಕ ಇನ್ನೊಂದು ಒಂದೂವರೆ ಟನ್ ಇಟ್ಟುಕೊಳ್ಳಿ. ಒಟ್ಟು 3 ಟನ್ನಿನಲ್ಲಿ ಎರಡು ಪಾಲು ಹಿಂದಿನ ಆಕ್ಸಲ್ ಮೇಲೆ ಕೂತರೆ ಒಂದೊಂದು ಚಕ್ರಕ್ಕೆ 1000 ಕೆ.ಜಿ. ಆಯಿತು. 710 ಹೊರುವವನ ತಲೆ ಮೇಲೆ 1000! ನಮ್ಮ ರಸ್ತೆಗಳ ಗುಂಡಿಯ ಪೆಟ್ಟು ಬೇರೆ. ಟೈರನ್ನಾದರೂ ಗಟ್ಟಿಯದು ಹಾಕಬಹುದು, 112 ಅಂತ ಇದ್ದರೆ ಅದು 1120 ಕೆ.ಜಿ. ಹೊರುತ್ತೆ. ಆದರೆ ಡಿಸ್ಕು? ಅದನ್ನು ಮಾಡಿದ್ದೇ ಹಗುರ ಗಾಡಿಗೆ. ಕಾರಿನ ಡಿಸ್ಕು ಕೆಟ್ಟದ್ದು ಅಂತ ಯಾರೂ ಹೇಳುತ್ತಿಲ್ಲ, ಕಾರಿಗೆ ಅದು ಒಳ್ಳೆಯದೇ.

6 ಬೋಲ್ಟಿನ ಗಾಡಿಗಳ ಕಥೆ ಇನ್ನೊಂದು ಥರ. ಹೈಲಕ್ಸ್, ಫಾರ್ಚೂನರ್, ಎಂಡೆವರ್ ಮೂರಕ್ಕೂ ಬೋಲ್ಟಿನ ವೃತ್ತ ಅದೇ 139.7. ಆದರೆ ಚಕ್ರದ ನಡುತೂತು ಟೊಯೋಟಾದ್ದು 106 ಮಿ.ಮೀ., ಫೋರ್ಡಿನದು 93. ಫೋರ್ಡಿನ ಚಕ್ರ ಟೊಯೋಟಾದ ಹಬ್ಬಿಗೆ ಇಳಿಯೋದೇ ಇಲ್ಲ. ಲೇತಿಗೆ ಕೊಟ್ಟು ಕೊರೆಸಿದರಾಯಿತು ಅನ್ನುವ ಜಾಣರಿದ್ದಾರೆ. ತಿರುಗಿಸಿ ಹಾಕಿದರೆ ಸಲೀಸಾಗಿ ಇಳಿಯುತ್ತೆ, ಆದರೆ ಸುತ್ತ ಸಂದು. ಹಬ್ಬಿನ ಮೇಲೆ ಬಿಗಿಯಾಗಿ ಕೂರಬೇಕಾದ ಚಕ್ರ ಬೋಲ್ಟಿಗೆ ಜೋತುಬೀಳುತ್ತೆ.

ನಟ್ಟಿನ ವಿಷಯ ಯಾರೂ ಕೇಳೋದೇ ಇಲ್ಲ. ಕಬ್ಬಿಣದ ಡಿಸ್ಕಿನ ನಟ್ಟಿಗೆ ಸಾಮಾನ್ಯವಾಗಿ ಬುಡ ಇಳಿಜಾರು. ಕೆಲವು ಕಂಪೆನಿ ಅಲಾಯ್‌ಗಳಿಗೆ ಚಪ್ಪಟೆ ವಾಷರಿನ ನಟ್ಟೇ ಬೇಕು. ಹಳೇ ನಟ್ಟನ್ನೇ ಹಾಕಿ ಎಷ್ಟು ಬಿಗಿದರೂ ಅದು ಅಂಚನ್ನಷ್ಟೇ ಕಚ್ಚಿಕೊಂಡು ಕೂತು, ನಾಲ್ಕು ದಿನಕ್ಕೆ ಸಡಿಲವಾಗುತ್ತೆ. ಜೊತೆಗೆ ಅಲಾಯ್ ದಪ್ಪ. ಹಳೇ ಬೋಲ್ಟು ಗಿಡ್ಡವಾಗುತ್ತೆ. 12 ಮಿ.ಮೀ. ಬೋಲ್ಟಾದರೆ ನಟ್ಟು ಕಡೇಪಕ್ಷ 12 ಮಿ.ಮೀ. ಉದ್ದಕ್ಕೆ ಮರೆ ಹಿಡಿಯಬೇಕು. ಮರೆಯ ಅಂತರ ಒಂದೂವರೆ ಮಿ.ಮೀ. ಇದ್ದರೆ ಅದು 8 ಸುತ್ತು. ಕೈಯಲ್ಲೇ ತಿರುಗಿಸಿ ಎಣಿಸಿ ನೋಡಬಹುದು, ಕಾಸು ಖರ್ಚಿಲ್ಲ. ಐದಾರು ಸುತ್ತಿಗೇ ನಿಂತರೆ ಆ ಡಿಸ್ಕನ್ನು ತಂದ ಅಂಗಡಿಗೇ ವಾಪಸು ಕೊಡಿ.

ಬಸ್ಸಿಗೆ ಕಾಯುವವರಿಗೆ ಇದೆಲ್ಲ ಯಾಕೆ ಅಂತೀರಾ? ಕಳಚಿದ ಚಕ್ರ ಗಾಡಿಯ ಜೊತೆ ನಿಲ್ಲೋದಿಲ್ಲ. ಅದೇ ವೇಗದಲ್ಲಿ ಮುಂದಕ್ಕೆ ಉರುಳುತ್ತೆ. ಮುಂದೆ ಇರೋದು ಮುಳಬಾಗಿಲು ರಸ್ತೆಯ ಯಾವುದೋ ಸ್ಟಾಪು. ಇನ್ನು ಮಾಲು ಇಳಿಸಿ ಬರಿದಾದ ಪಿಕಪ್ಪಿನ ಹಿಂದೆ ಕೂಲಿ ಹೆಂಗಸರನ್ನು ನಿಲ್ಲಿಸಿಕೊಂಡು ಹೋಗೋದು ಕಾನೂನಿಗೆ ವಿರುದ್ಧವಾದರೂ ಯಾರ ಕಣ್ಣಿಗೂ ಬೀಳದ ದೃಶ್ಯವೇನಲ್ಲ.

ಕಾನೂನು ಸುಮ್ಮನಿಲ್ಲ. ತಯಾರಕರು ಕೊಟ್ಟ ವಿವರಕ್ಕೂ ನೋಂದಣಿಗೂ ಹೊಂದದ ಹಾಗೆ ಗಾಡಿ ಬದಲಿಸಬಾರದು ಅಂತ ಮೋಟಾರು ವಾಹನ ಕಾಯ್ದೆಯ 52ನೇ ಕಲಮು ಹೇಳುತ್ತೆ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟು ಅದನ್ನೇ ಖಚಿತಪಡಿಸಿತು. ಅದೇ ವರ್ಷದ ತಿದ್ದುಪಡಿಯಲ್ಲಿ ಒಂದೊಂದು ಬದಲಾವಣೆಗೆ 5000 ರೂಪಾಯಿ ದಂಡ, ಇಲ್ಲವೇ ಆರು ತಿಂಗಳವರೆಗೆ ಜೈಲು, ಅಥವಾ ಎರಡೂ ಎಂದಾಯಿತು. ಸರಕು ಗಾಡಿಯ ನೋಂದಣಿ ನಮೂನೆಯಲ್ಲಿ ಟೈರಿನ ಅಳತೆಗೂ ಆಕ್ಸಲ್ ತೂಕಕ್ಕೂ ಜಾಗವಿದೆ. ಅಪಘಾತವಾದರೆ ವಿಮೆಯವರು ಮೊದಲು ತೆಗೆಯೋದು ಅದೇ ಕಾಗದ. ಮಾಲು ಕಳಿಸುವ ಅಂಗಡಿಯವರು ಇದನ್ನು ನೆನಪಿಟ್ಟುಕೊಳ್ಳಬೇಕು.

8 ವರ್ಷ ದಾಟಿದ ಸರಕು ಗಾಡಿಗೆ ವರ್ಷಕ್ಕೊಮ್ಮೆ ಎಫ್.ಸಿ. ಉಂಟು, ನಿಜ. ಆ ಒಂದು ದಿನ ಹಳೇ ಡಿಸ್ಕು ಹಾಕ್ಕೊಂಡು ಹೋಗಿ, ಸಂಜೆಗೆ ಹೊಸದು ಏರಿಸಿದರೆ ಕೇಳೋರು ಯಾರು?

ಅದೇ ಪಿಕಪ್ಪಿನ ಮುಂದಿನ ವರ್ಷದ ಮಾಡೆಲಿನ ಡಿಸ್ಕು, ಅದೇ ಅಳತೆಯದು, ಅದರದೇ ನಟ್ಟಿನ ಸಮೇತ ಸಿಕ್ಕರೆ ಧಾರಾಳವಾಗಿ ಹಾಕಿ. ನೂರು ಕಿಲೋಮೀಟರ್ ಓಡಿದ ಮೇಲೆ ನಟ್ಟು ಇನ್ನೊಮ್ಮೆ ಬಿಗಿಸಿ. ಬೇರೆ ಗಾಡಿಯದಾದರೆ ಮೊದಲು ಲೋಡು ಸಮೇತ ವೇಬ್ರಿಡ್ಜಿಗೆ ಹೋಗಿ, ಹಿಂದಿನ ಚಕ್ರಗಳನ್ನು ಮಾತ್ರ ತಟ್ಟೆಯ ಮೇಲೆ ನಿಲ್ಲಿಸಿ ತೂಗಿಸಿ. ಬಂದದ್ದನ್ನು ಎರಡರಿಂದ ಭಾಗಿಸಿ ಟೈರಿನ ಅಂಕಿಯ ಪಕ್ಕ ಇಟ್ಟು ನೋಡಿ. ಆಮೇಲೆ ಗುಜರಿಗೆ ಹೋಗೋದೋ ಬೇಡವೋ ನೀವೇ ಹೇಳಿ.