ಭಯಕ್ಕೂ ಸಾಕ್ಷ್ಯ ಬೇಕು

'ಇಸ್ಲಾಮೋಫೋಬಿಯಾ' ಎಂಬ ಪದ ಕಿವಿಗೆ ಬಿದ್ದೊಡನೆ ವಿದ್ಯಾವಂತ ಅನಿವಾಸಿಗಳ ಒಂದು ವರ್ಗ ತಪ್ಪದೆ ಮುಂದಿಡುವ ವಾದವೊಂದಿದೆ. ಫೋಬಿಯಾ ಎಂದರೆ ಕಾರಣವಿಲ್ಲದ ಭೀತಿ. ಇಸ್ಲಾಮಿನ ಬಗೆಗಿನ ಭೀತಿಗಾದರೋ ಬೇಕಾದಷ್ಟು ಕಾರಣಗಳಿವೆ. ಆದ್ದರಿಂದ ಅಂಥ ರೋಗವೇ ಇಲ್ಲ, ಇರುವುದು ಎಚ್ಚರ ಮಾತ್ರ ಎಂಬುದು ಅದರ ಸಾರ. ಹೀಗೆ ವಾದಿಸುವವರು ಸಾಮಾನ್ಯವಾಗಿ ಒರಟರಲ್ಲ. ಕಚೇರಿಯಲ್ಲಿ ಮುಸ್ಲಿಂ ಸಹೋದ್ಯೋಗಿಯೊಡನೆ ಕುಳಿತು ಊಟ ಮಾಡುವವರು, ಈದ್ ಬಂದಾಗ ಶುಭಾಶಯ ಹೇಳುವವರು, ತಮ್ಮದು ದ್ವೇಷವಲ್ಲ, ತರ್ಕ ಎಂದು ಪ್ರಾಮಾಣಿಕವಾಗಿ ನಂಬಿರುವವರು. ಆದಕಾರಣ ಈ ವಾದವನ್ನು ಜರೆದು ಬಿಟ್ಟುಬಿಡುವುದರಿಂದ ಪ್ರಯೋಜನವಿಲ್ಲ. ತರ್ಕದ ಹೆಸರಿನಲ್ಲಿ ಬಂದದ್ದನ್ನು ತರ್ಕದ ಮುಂದೆಯೇ ನಿಲ್ಲಿಸಿ ಪರೀಕ್ಷಿಸಬೇಕು.

ಮೊದಲು ಒಪ್ಪಬೇಕಾದುದನ್ನು ಒಪ್ಪಬೇಕು. 2001ರ ಸೆಪ್ಟೆಂಬರ್ 11ರಂದು ಅಮೆರಿಕದಲ್ಲಿ ಸುಮಾರು ಮೂರು ಸಾವಿರ ಜನ ಸತ್ತರು. 2005ರ ಜುಲೈ 7ರಂದು ಲಂಡನ್ನಿನ ರೈಲು, ಬಸ್ಸುಗಳಲ್ಲಿ 52 ಜನ, 2008ರ ನವೆಂಬರಿನಲ್ಲಿ ಮುಂಬಯಿಯಲ್ಲಿ 160ಕ್ಕೂ ಹೆಚ್ಚು ಜನ, 2015ರ ನವೆಂಬರ್ 13ರಂದು ಪ್ಯಾರಿಸ್ಸಿನಲ್ಲಿ 130 ಜನ, 2017ರ ಮೇ ತಿಂಗಳಲ್ಲಿ ಮ್ಯಾಂಚೆಸ್ಟರಿನ ಸಂಗೀತ ಕಾರ್ಯಕ್ರಮವೊಂದರಲ್ಲಿ 22 ಜನ ಕೊಲ್ಲಲ್ಪಟ್ಟರು. ಕೊಂದವರು ಇಸ್ಲಾಮಿನ ಹೆಸರು ಹೇಳಿಯೇ ಕೊಂದರು. ಇದಕ್ಕೂ ಧರ್ಮಕ್ಕೂ ಸಂಬಂಧವೇ ಇಲ್ಲ ಎಂದು ಕೈತೊಳೆದುಕೊಳ್ಳುವುದು ಸುಲಭವಾದ ಉತ್ತರ, ಸರಿಯಾದ ಉತ್ತರವಲ್ಲ. ಅಲ್ ಖೈದಾ, ಐಸಿಸ್, ಲಷ್ಕರ್‌ನಂಥ ಸಂಘಟನೆಗಳಿಗೆ ಹೆದರುವುದು ವಿವೇಕವೇ ಸರಿ. ಆ ಭಯವನ್ನು ಎಲ್ಲರಿಗಿಂತ ಹೆಚ್ಚು ಅನುಭವಿಸಿದವರು ಐಸಿಸ್ ಆಳ್ವಿಕೆಯಡಿ ಬದುಕಿದ ಮೊಸುಲ್ ನಗರದ ಮುಸ್ಲಿಮರು. 2014ರ ಡಿಸೆಂಬರ್ 16ರಂದು ಒಂದೇ ಶಾಲೆಯಲ್ಲಿ 130ಕ್ಕೂ ಹೆಚ್ಚು ಮಕ್ಕಳನ್ನು ತಾಲಿಬಾನಿಗಳ ಗುಂಡಿಗೆ ಕಳೆದುಕೊಂಡ ಪೇಶಾವರದ ತಾಯಿತಂದೆಯರು.

ಹಾಗಾದರೆ ಭಯವೊಂದು ವಿವೇಕವೋ ಪೂರ್ವಗ್ರಹವೋ ಎಂದು ತೀರ್ಮಾನಿಸುವುದು ಹೇಗೆ? ಅದಕ್ಕೆ ಕಾರಣವಿದೆಯೇ ಎಂದು ಕೇಳಿದರೆ ಸಾಲದು. ಯಾವ ಪೂರ್ವಗ್ರಹವೂ ತನ್ನ ಬೆಂಬಲಕ್ಕೆ ಒಂದೆರಡು ನಿಜ ಘಟನೆಗಳನ್ನು ಹುಡುಕಿಕೊಳ್ಳದೆ ಇರುವುದಿಲ್ಲ. ಕೇಳಬೇಕಾದ ಪ್ರಶ್ನೆ ಬೇರೆ: ಸಾಕ್ಷ್ಯ ಎದುರಾದಾಗ ಆ ಭಯ ಬದಲಾಗುತ್ತದೆಯೇ? ಕತ್ತಲಲ್ಲಿ ಹಗ್ಗವನ್ನು ಕಂಡು ಹಾವೆಂದು ಬೆಚ್ಚುವುದು ತಪ್ಪಲ್ಲ. ಹಾವುಗಳಿರುವ ಊರಿನಲ್ಲಿ ಅದು ಸಹಜ. ದೀಪ ತಂದಮೇಲೂ ಹಾವೆಂದೇ ಹಟ ಹಿಡಿಯುವವನು, ದೀಪ ಹಿಡಿದವನ ಮೇಲೆಯೇ ಕೋಲೆತ್ತುವವನು ಮಾತ್ರ ತನ್ನದು ಎಚ್ಚರವೆಂದು ಹೇಳಿಕೊಳ್ಳಲಾರ.

2024ರ ಬೇಸಗೆಯಲ್ಲಿ ಇಂಗ್ಲೆಂಡ್ ಈ ಪರೀಕ್ಷೆಗೆ ಒಳಗಾಯಿತು. ಜುಲೈ 29ರಂದು ಸೌತ್‌ಪೋರ್ಟ್ ಪಟ್ಟಣದಲ್ಲಿ ಮಕ್ಕಳ ನೃತ್ಯ ತರಗತಿಯೊಂದಕ್ಕೆ ನುಗ್ಗಿದ ಹದಿನೇಳು ವರ್ಷದ ಹುಡುಗನೊಬ್ಬ ಮೂವರು ಪುಟ್ಟ ಹೆಣ್ಣುಮಕ್ಕಳನ್ನು ಇರಿದು ಕೊಂದ. ಕೆಲವೇ ಗಂಟೆಗಳಲ್ಲಿ ಒಂದು ಕಟ್ಟುಹೆಸರು ಜಾಲತಾಣಗಳಲ್ಲಿ ಹರಿದಾಡಿತು. ಅರಬ್ಬಿ ಧ್ವನಿಯ ಹೆಸರು. ಹಿಂದಿನ ವರ್ಷ ದೋಣಿಯಲ್ಲಿ ಬಂದ ಆಶ್ರಯಾಕಾಂಕ್ಷಿ ಎಂಬ ವಿವರವೂ ಅದಕ್ಕೆ ಅಂಟಿಕೊಂಡಿತ್ತು. ಆ ಹೆಸರು ಸುಳ್ಳೆಂದು ಪೊಲೀಸರು ಸ್ಪಷ್ಟಪಡಿಸಿದರು. ಆದರೂ ಮರುದಿನ ಸಂಜೆ ಗುಂಪೊಂದು ಸೌತ್‌ಪೋರ್ಟಿನ ಮಸೀದಿಯ ಮೇಲೆ ಇಟ್ಟಿಗೆ, ಬಾಟಲಿಗಳನ್ನು ಎಸೆಯಿತು. ಐವತ್ತಕ್ಕೂ ಹೆಚ್ಚು ಪೊಲೀಸರು ಗಾಯಗೊಂಡರು. ಆಗಸ್ಟ್ 1ರಂದು ನ್ಯಾಯಾಧೀಶರು, ಆರೋಪಿ ಅಪ್ರಾಪ್ತನಾಗಿದ್ದರೂ, ಅವನ ಹೆಸರು ಬಹಿರಂಗಪಡಿಸಲು ಅನುಮತಿ ಕೊಟ್ಟರು. ಅವನು ಹುಟ್ಟಿದ್ದು ವೇಲ್ಸಿನ ಕಾರ್ಡಿಫ್‌ನಲ್ಲಿ. ತಾಯಿತಂದೆ ರುವಾಂಡದಿಂದ ಬಂದ ಕ್ರೈಸ್ತರು.

ದೀಪ ಬಂದದ್ದು ಆ ಗಳಿಗೆಯಲ್ಲಿ. ಭಯವು ಸಾಕ್ಷ್ಯವನ್ನು ಅವಲಂಬಿಸಿದ್ದರೆ ಗಲಭೆ ಅಲ್ಲಿಗೆ ನಿಲ್ಲಬೇಕಿತ್ತು. ನಡೆದದ್ದು ತದ್ವಿರುದ್ಧ. ಗಲಭೆ ಊರಿಂದೂರಿಗೆ ಹಬ್ಬಿತು. ಆಗಸ್ಟ್ 4ರಂದು ರಾದರ್‌ಹ್ಯಾಮ್ ಬಳಿ, ಆಶ್ರಯ ಕೋರಿ ಬಂದವರು ತಂಗಿದ್ದ ಹೋಟೆಲೊಂದಕ್ಕೆ, ಜನ ಒಳಗಿರುವಾಗಲೇ ಬೆಂಕಿ ಹಚ್ಚುವ ಯತ್ನ ನಡೆಯಿತು. ಸುಳ್ಳು ಬಯಲಾದ ಮೇಲೆ ಸಿಟ್ಟು ಇಳಿಯಲಿಲ್ಲ, ಏಕೆಂದರೆ ಸುಳ್ಳು ಅದರ ಮೂಲವಾಗಿರಲಿಲ್ಲ, ನೆಪ ಮಾತ್ರವಾಗಿತ್ತು. ಅದೇ ಸೌತ್‌ಪೋರ್ಟಿನಲ್ಲಿ ಗಲಭೆಯ ಮರುದಿನ ಬೆಳಿಗ್ಗೆ ಊರಿನವರೇ ಗಾರೆ, ಕರಣೆ ಹಿಡಿದು ಬಂದು ಮಸೀದಿಯ ಮುರಿದ ಗೋಡೆಯನ್ನು ಮತ್ತೆ ಕಟ್ಟಿದರು. ದುಃಖ ಅವರಿಗೂ ಅಷ್ಟೇ ಇತ್ತು. ಯಾರ ಮೇಲೆ ಸಿಟ್ಟಾಗಬೇಕೆಂಬ ತಿಳಿವಳಿಕೆ ಅವರಲ್ಲಿ ಉಳಿದಿತ್ತು.

ಇಲ್ಲೊಂದು ಆಕ್ಷೇಪ ಬರುತ್ತದೆ, ಬರಬೇಕು ಕೂಡ. ಆ ಹುಡುಗನ ಬಳಿ ಅಲ್ ಖೈದಾದ ತರಬೇತಿ ಕೈಪಿಡಿಯೊಂದರ ಪ್ರತಿ ಸಿಕ್ಕಿತೆಂದೂ ಅವನು ರಿಸಿನ್ ವಿಷ ತಯಾರಿಸಿದ್ದನೆಂದೂ ಆಮೇಲೆ ಬೆಳಕಿಗೆ ಬಂತು. "ನೋಡಿ, ನಮ್ಮ ಅನುಮಾನ ಸರಿಯಾಗಿತ್ತು" ಎಂದವರಿದ್ದಾರೆ. ಆದರೆ ಅವನ ಸಂಗ್ರಹದಲ್ಲಿ ಯುದ್ಧ, ನರಮೇಧಗಳ ಕುರಿತ ಹಲವು ಬಗೆಯ ಸಾಮಗ್ರಿ ಇತ್ತು. ಯಾವುದೇ ಒಂದು ಮತಕ್ಕಾಗಲಿ ಸಿದ್ಧಾಂತಕ್ಕಾಗಲಿ ಅವನು ಬದ್ಧನಾಗಿದ್ದನೆಂಬುದಕ್ಕೆ ಪುರಾವೆ ದೊರೆಯಲಿಲ್ಲ. ಹಿಂಸೆಯೇ ಅವನ ಗೀಳಾಗಿತ್ತು. ಇದಕ್ಕಿಂತ ಮುಖ್ಯವಾದ ಸಂಗತಿ ಇನ್ನೊಂದಿದೆ. 2019ರಿಂದ 2021ರ ನಡುವೆ ಅವನ ಹೆಸರು ಬ್ರಿಟನ್ನಿನ ಉಗ್ರವಾದ ತಡೆ ಕಾರ್ಯಕ್ರಮವಾದ 'ಪ್ರಿವೆಂಟ್'ಗೆ ಮೂರು ಸಲ ಹೋಗಿತ್ತು. ಮೂರು ಸಲವೂ ಕಡತ ಮುಚ್ಚಲಾಯಿತು. ನಿರ್ದಿಷ್ಟ ಸಿದ್ಧಾಂತ ಕಾಣುತ್ತಿಲ್ಲ ಎಂಬುದಕ್ಕೆ ಅತಿಯಾದ ಮಹತ್ವ ಕೊಟ್ಟದ್ದು ತಪ್ಪಾಯಿತೆಂದು 2025ರಲ್ಲಿ ಪ್ರಕಟವಾದ ಪರಿಶೀಲನೆ ಹೇಳಿತು. ಅಪಾಯಕ್ಕೆ ಇಂಥದೇ ಮುಖ ಇರಬೇಕೆಂದು ಮೊದಲೇ ನಿಶ್ಚಯಿಸಿಕೊಂಡ ವ್ಯವಸ್ಥೆ, ಬೇರೆ ಮುಖದಲ್ಲಿ ಬಂದ ಅಪಾಯವನ್ನು ಗುರುತಿಸದೆ ಹೋಯಿತು. ಕುರುಡು ಭಯ ಅನ್ಯಾಯವಷ್ಟೇ ಅಲ್ಲ, ಕಾವಲಿಗೂ ಅದು ನಿಷ್ಪ್ರಯೋಜಕ.

ಹೀಗೆ ಮುಖ ನೋಡಿ ಹುಟ್ಟುವ ಭಯಕ್ಕೆ ಧರ್ಮಗಳ ವ್ಯತ್ಯಾಸವೂ ತಿಳಿಯುವುದಿಲ್ಲವೆಂಬುದನ್ನು ಅನಿವಾಸಿ ಭಾರತೀಯರು ಮರೆಯಬಾರದು. ಸೆಪ್ಟೆಂಬರ್ 11ರ ದಾಳಿಯಾದ ನಾಲ್ಕೇ ದಿನಕ್ಕೆ ಅರಿಜೋನಾದ ಮೇಸಾದಲ್ಲಿ ತನ್ನ ಪೆಟ್ರೋಲ್ ಬಂಕಿನ ಮುಂದೆ ಗುಂಡಿಗೆ ಬಲಿಯಾದ ಬಲ್ಬೀರ್ ಸಿಂಗ್ ಸೋಧಿ ಸಿಖ್ಖರು. 2017ರ ಫೆಬ್ರವರಿ 22ರಂದು ಕ್ಯಾನ್ಸಸ್‌ನ ಒಲೇಥದಲ್ಲಿ ಕೊಲೆಯಾದ ಶ್ರೀನಿವಾಸ ಕೂಚಿಭೊಟ್ಲ ಹೈದರಾಬಾದ್ ಕಡೆಯ ಹಿಂದೂ ಇಂಜಿನಿಯರ್. ಕೊಂದವನು ಅವರನ್ನು ಇರಾನಿ ಎಂದುಕೊಂಡಿದ್ದ. ಇಲ್ಲಿ ಗುರುತು ತಪ್ಪಿದ್ದೇ ದುರಂತವೆಂದು ಮರುಗುವುದು ಅರ್ಧಸತ್ಯ. ಕೊಂದದ್ದು ಇರಾನಿಯನ್ನೇ ಆಗಿದ್ದರೂ ಅಪರಾಧ ಒಂದು ಗುಲಗಂಜಿಯಷ್ಟೂ ಕಡಿಮೆಯಾಗುತ್ತಿರಲಿಲ್ಲ. ನಾವು ಅವರಲ್ಲ ಎಂಬ ಫಲಕ ಕೊರಳಿಗೆ ತೂಗಿಕೊಂಡು ಪಾರಾಗುವ ಯೋಚನೆ ನೀತಿಯೂ ಅಲ್ಲ, ಜಾಣತನವೂ ಅಲ್ಲ.

ಈ ಭಯ ದೇಶದಿಂದ ದೇಶಕ್ಕೆ ವೇಷ ಬದಲಿಸುತ್ತದೆ. ಇಂಗ್ಲೆಂಡಿನಲ್ಲಿ ಅದು ದೋಣಿಗಳ ಮಾತಾಡುತ್ತದೆ, ಭಾರತದಲ್ಲಿ ತೊಟ್ಟಿಲುಗಳ ಲೆಕ್ಕ ಹೇಳುತ್ತದೆ. ಒಳಗಿನ ಕಲ್ಪನೆ ಒಂದೇ: ಅವರು ಹೆಚ್ಚುತ್ತಾರೆ, ಮೂಲನಿವಾಸಿಗಳು ಅಳಿಯುತ್ತಾರೆ. 2019ರ ಮಾರ್ಚ್ 15ರಂದು ನ್ಯೂಜಿಲೆಂಡಿನ ಕ್ರೈಸ್ಟ್‌ಚರ್ಚ್‌ನ ಎರಡು ಮಸೀದಿಗಳಲ್ಲಿ 51 ಜನರನ್ನು ಕೊಂದವನ ತಲೆಯಲ್ಲಿ ತುಂಬಿದ್ದುದೂ ಈ ಜನನ ಪ್ರಮಾಣದ ಭೂತವೇ. ಭಾರತದ ಮಟ್ಟಿಗೆ ಇದನ್ನು ಅಂಕಿಗಳಿಂದಲೇ ಪರೀಕ್ಷಿಸಬಹುದು. ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ 1992-93ರಲ್ಲಿ ಮುಸ್ಲಿಂ ಮಹಿಳೆಯೊಬ್ಬಳಿಗೆ ಸರಾಸರಿ 4.4 ಮಕ್ಕಳು, ಹಿಂದೂ ಮಹಿಳೆಗೆ 3.3. 2019-21ರ ವೇಳೆಗೆ ಈ ಸಂಖ್ಯೆಗಳು 2.36 ಮತ್ತು 1.94ಕ್ಕೆ ಇಳಿದವು. ಅಂತರ ಅರ್ಧಕ್ಕಿಂತಲೂ ಕಡಿಮೆಯಾಯಿತು. ಇಳಿಕೆಯ ವೇಗ ಮುಸ್ಲಿಮರಲ್ಲೇ ಹೆಚ್ಚು. ಶಾಲೆಗೆ ಹೋದ ಹೆಣ್ಣುಮಕ್ಕಳು ಯಾವ ಮತದವರಾದರೂ ಕಡಿಮೆ ಮಕ್ಕಳನ್ನು ಹೆರುತ್ತಾರೆ. ಅಂಕಿ ಹೀಗೆ ಇಳಿದ ಮೂವತ್ತು ವರ್ಷಗಳಲ್ಲಿ ಭಯ ಎಷ್ಟು ಇಳಿಯಿತು? ಅದು ಏರುತ್ತಲೇ ಹೋಯಿತು. ಕಾರಣ ಕುಗ್ಗಿದಂತೆಲ್ಲ ಹಿಗ್ಗುವ ಭಯವನ್ನು ತಾರ್ಕಿಕವೆಂದು ಕರೆಯಲು ಯಾವ ತರ್ಕಶಾಸ್ತ್ರದಲ್ಲೂ ಅವಕಾಶವಿಲ್ಲ.

ಇಷ್ಟು ಹೇಳಿದ ಮೇಲೆ ಪ್ರಗತಿಪರರ ಪಾಲಿನ ಲೆಕ್ಕವನ್ನೂ ತೆರೆಯಬೇಕು. ಆ ರಾದರ್‌ಹ್ಯಾಮಿಗೆ ಇನ್ನೊಂದು ಚರಿತ್ರೆಯಿದೆ. 1997ರಿಂದ 2013ರವರೆಗೆ ಅಲ್ಲಿ ಕಡಿಮೆಯೆಂದರೂ ಸುಮಾರು 1,400 ಮಕ್ಕಳು ಲೈಂಗಿಕ ಶೋಷಣೆಗೆ ಈಡಾದರೆಂದು 2014ರಲ್ಲಿ ಅಲೆಕ್ಸಿಸ್ ಜೇ ವರದಿ ಅಂದಾಜಿಸಿತು. ಅಪರಾಧಿಗಳಲ್ಲಿ ಬಹುಪಾಲು ಜನರನ್ನು ಸಂತ್ರಸ್ತರು ಏಷ್ಯನ್ನರೆಂದು ಗುರುತಿಸಿದ್ದರು. ಬಡ ಹುಡುಗಿಯರ ಮಾತನ್ನು ಪೊಲೀಸರು ತಾತ್ಸಾರದಿಂದ ಕಂಡರು. ಜನಾಂಗದ್ವೇಷಿ ಎನಿಸಿಕೊಳ್ಳುವ ಅಂಜಿಕೆಯಿಂದ ಕೆಲವು ಸಿಬ್ಬಂದಿ ಅಪರಾಧಿಗಳ ಮೂಲ ಹೇಳಲು ಹಿಂಜರಿದರು. ಈ ಮೌನ ಯಾವ ಮುಸ್ಲಿಮನಿಗೂ ಉಪಕಾರ ಮಾಡಲಿಲ್ಲ. ಪೂರ್ವಗ್ರಹಿಗಳ ಕೈಗೆ ಸತ್ಯದ ಗುತ್ತಿಗೆ ಕೊಟ್ಟಿತು, ಅಷ್ಟೆ. ಅದೇ ಬಗೆಯ ರಾಚ್‌ಡೇಲ್ ಪ್ರಕರಣದಲ್ಲಿ, ಮೊಕದ್ದಮೆ ಬೇಡವೆಂಬ ಹಿಂದಿನ ನಿರ್ಧಾರವನ್ನು ರದ್ದುಪಡಿಸಿ ಅಪರಾಧಿಗಳನ್ನು ಕಟಕಟೆಗೆ ತಂದ ಮುಖ್ಯ ಅಭಿಯೋಜಕ ನಜೀರ್ ಅಫ್ಜಲ್ ಪಾಕಿಸ್ತಾನಿ ಮೂಲದ ಮುಸ್ಲಿಮರು. 2012ರಲ್ಲಿ ಒಂಬತ್ತು ಜನ ಜೈಲಿಗೆ ಹೋದರು. ಇಡೀ ಸಮುದಾಯವನ್ನು ಶಂಕಿಸುವ ಭಯಕ್ಕೆ ಅಫ್ಜಲ್ ಕೂಡ ಶಂಕಿತರೇ. ಎಂದರೆ ಆ ಹುಡುಗಿಯರಿಗೆ ನ್ಯಾಯ ದೊರಕಿಸಿದ ಕೈಯನ್ನೇ ಅದು ದೂರ ತಳ್ಳುತ್ತದೆ.

ಕನ್ನಡಕ್ಕೆ ಇದರ ಉದಾಹರಣೆ ತೀರ ಹತ್ತಿರದಲ್ಲಿದೆ. ಮಸೀದಿಯೊಳಗೆ ಹೆಂಗಸರ ಪ್ರವೇಶದ ಹಕ್ಕಿಗಾಗಿ ಮಾತಾಡಿದ್ದಕ್ಕೆ 2000ದಲ್ಲಿ ಬಾನು ಮುಷ್ತಾಕ್ ತಮ್ಮ ಸಮುದಾಯದವರಿಂದಲೇ ಸಾಮಾಜಿಕ ಬಹಿಷ್ಕಾರ ಅನುಭವಿಸಿದರು. ಮುಸ್ಲಿಂ ಮನೆಗಳೊಳಗಿನ ಗಂಡಾಳ್ವಿಕೆಯನ್ನು ಅವರಷ್ಟು ನೇರವಾಗಿ ಕಥೆಗಳಲ್ಲಿ ಎದುರಿಸಿದವರು ವಿರಳ. ಇಸ್ಲಾಮಿನಲ್ಲಿ ಆತ್ಮವಿಮರ್ಶೆಯೇ ಇಲ್ಲ, ಅದಕ್ಕೇ ನಮಗೆ ಭಯ ಎನ್ನುವವರು ಸಂತೋಷಪಡಬೇಕಾದ ಲೇಖಕಿ ಇವರು. 2025ರಲ್ಲಿ ಅಂತರರಾಷ್ಟ್ರೀಯ ಬುಕರ್ ಪ್ರಶಸ್ತಿಯನ್ನು ಕನ್ನಡಕ್ಕೆ ತಂದ ಇವರನ್ನು ರಾಜ್ಯ ಸರ್ಕಾರ ಮೈಸೂರು ದಸರಾ ಉದ್ಘಾಟನೆಗೆ ಕರೆದಾಗ ನಡೆದದ್ದೇನು? ವಿರೋಧ ಉಚ್ಚ ನ್ಯಾಯಾಲಯಕ್ಕೂ ಅಲ್ಲಿಂದ ಸರ್ವೋಚ್ಚ ನ್ಯಾಯಾಲಯಕ್ಕೂ ಹೋಯಿತು. ಎರಡೂ ಕಡೆ ಅರ್ಜಿಗಳು ಬಿದ್ದುಹೋದವು. ಸೆಪ್ಟೆಂಬರ್ 22ರಂದು ಅವರು ದಸರಾ ಉದ್ಘಾಟಿಸಿದರು. ಮೌಲ್ವಿಯ ಕೋಪಕ್ಕೂ ಆ ಕೋಪವನ್ನು ಎದುರಿಸಿದ ಹೆಣ್ಣಿಗೂ ವ್ಯತ್ಯಾಸ ಕಾಣದ ಕಣ್ಣು ಮೂಲಭೂತವಾದವನ್ನು ನೋಡುತ್ತಿಲ್ಲ, ಹೆಸರನ್ನು ನೋಡುತ್ತಿದೆ.

ಇಸ್ಲಾಂ ಟೀಕೆಗೆ ಅತೀತವಲ್ಲ. ಯಾವ ಮತವೂ ಅಲ್ಲ. ಸಲ್ಮಾನ್ ರಶ್ದಿಯವರ ಮೇಲೆ 1989ರಲ್ಲಿ ಹೊರಟ ಫತ್ವಾವನ್ನೂ 2022ರಲ್ಲಿ ಅವರ ಒಂದು ಕಣ್ಣು ಕಿತ್ತುಕೊಂಡ ಚೂರಿಯನ್ನೂ ಖಂಡಿಸಲು ಯಾರ ಅಪ್ಪಣೆಯೂ ಬೇಕಿಲ್ಲ. ಆದರೆ ಟೀಕೆಗೆ ಗುರಿ ಇರುತ್ತದೆ: ಇಂಥ ನಂಬಿಕೆ, ಇಂಥ ಕಾನೂನು, ಇಂಥ ಸಂಘಟನೆ, ಇಂಥ ವ್ಯಕ್ತಿ. ಗುರಿಯಿಲ್ಲದ ಭಯ ನೆರೆಮನೆಯ ಬಾಗಿಲಿಗೆ ಹೋಗಿ ನಿಲ್ಲುತ್ತದೆ. 2021ರ ಜನಗಣತಿಯಂತೆ ಇಂಗ್ಲೆಂಡ್ ಮತ್ತು ವೇಲ್ಸ್‌ನಲ್ಲಿ ಸುಮಾರು 39 ಲಕ್ಷ ಮುಸ್ಲಿಮರಿದ್ದಾರೆ. 2005ರಲ್ಲಿ ಲಂಡನ್ನಿನಲ್ಲಿ ಬಾಂಬು ಸಿಡಿಸಿದವರು ನಾಲ್ವರು. ನಾಲ್ವರ ಲೆಕ್ಕವನ್ನು 39 ಲಕ್ಷ ಜನರಿಂದ ವಸೂಲು ಮಾಡುವುದು ಸಾಲ ಮಾಡಿದವನನ್ನು ಬಿಟ್ಟು ಇಡೀ ಕೇರಿಯನ್ನು ಜಪ್ತಿ ಮಾಡಿದಂತೆ.

ಪರದೇಶದಲ್ಲಿ ಬದುಕು ಕಟ್ಟಿಕೊಂಡ ಕನ್ನಡಿಗ ಅಲ್ಲಿನ ಸಮಾಜದಿಂದ ಬೇಡುವುದು ಒಂದನ್ನೇ: ತನ್ನನ್ನು ಹೆಸರು, ಬಣ್ಣ, ಪಾಸ್‌ಪೋರ್ಟುಗಳಿಂದ ಅಳೆಯಬೇಡಿ, ನಡತೆಯಿಂದ ಅಳೆಯಿರಿ ಎಂಬುದು. ಈ ಬೇಡಿಕೆ ನ್ಯಾಯವಾದುದು. ಊರಿನಿಂದ ಬರುವ ವಾಟ್ಸಾಪ್ ಸಂದೇಶವನ್ನು ಮುಂದಕ್ಕೆ ಕಳಿಸುವ ಮುನ್ನ ಅದೇ ನ್ಯಾಯವನ್ನು ಅವನು ಇನ್ನೊಬ್ಬರಿಗೂ ಸಲ್ಲಿಸಬೇಕು. ಯಾರು ಮಾಡಿದರು, ಎಷ್ಟು ಜನ ಮಾಡಿದರು, ಗೊತ್ತಾದದ್ದು ಹೇಗೆ, ಇದು ಸುಳ್ಳೆಂದು ತಿಳಿದರೆ ತನ್ನ ಅಭಿಪ್ರಾಯ ಬದಲಾದೀತೇ? ಕೊನೆಯ ಪ್ರಶ್ನೆಗೆ 'ಇಲ್ಲ' ಎಂಬ ಉತ್ತರ ಬಂದರೆ ಅಂಥ ಭಯವನ್ನು ಪೂರ್ವಗ್ರಹವೆಂದೇ ಕರೆಯಬೇಕು.